ಎಲೆಯ ಈಚೆ ಬದಿಯ ಅನ್ನ

ನನ್ನ ಗಂಡ ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷ ದೋಸೆಯ ಕಾವಲಿಯ ಮುಂದೆ ನಿಂತವರು. ಒಮ್ಮೆಗೆ ಎಂಟು ದೋಸೆ ಹೊಯ್ಯುತ್ತಿದ್ದರು, ಎಂಟೂ ಒಂದೇ ಅಳತೆ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಆ ದೋಸೆಗಳು ಸೊಟ್ಟಗಾಗತೊಡಗಿದವು. ಹಿಟ್ಟು ಕಾವಲಿಯ ಅಂಚಿನಿಂದ ಕೆಳಗೆ ಸುರಿಯುತ್ತಿತ್ತು. "ಕಾವಲಿ ಸರಿ ಇಲ್ಲ ಮಾರಾಯ್ತಿ, ಒಂದು ಬದಿ ತಗ್ಗು ಉಂಟು," ಎಂದರು. "ಹೌದು ಹೌದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ ನಾನು. ನನ್ನ ಬಾಯಿಯೇ ಹಾಗೆ. ಎಲುಬಿಲ್ಲದ ನಾಲಗೆ ಎಂದು ಹೆತ್ತ ತಾಯಿಯೇ ಬೈಯುತ್ತಿದ್ದಳು.

ಆಮೇಲೆ ಬೀಳತೊಡಗಿದರು. ಎಡವಿ ಮುಂದಕ್ಕೆ ಬೀಳುವುದಲ್ಲ, ನಿಂತಲ್ಲಿಂದ ಹಿಂದಕ್ಕೆ, ಕಡಿದ ಬಾಳೆಗಿಡದ ಹಾಗೆ. ನಮ್ಮ ಬಾಡಿಗೆ ಕೋಣೆಯಿದ್ದ ಚಾಳಿನ ಮೆಟ್ಟಿಲು ಇಳಿಯುವಾಗ ಕಾಲಿನಿಂದ ತಡವಿ ತಡವಿ ಮೆಟ್ಟಿಲು ಹುಡುಕುತ್ತಿದ್ದರು. ಮುಖ ಬಿಗಿದುಕೊಂಡಿತು, ಕಣ್ಣು ಮಿಟುಕಿಸುವುದೇ ಕಡಿಮೆಯಾಯಿತು, ಗದ್ದ ಯಾವಾಗಲೂ ಮೇಲೆ. ನೋಡಿದವರಿಗೆ ಸೊಕ್ಕಿನ ಹಾಗೆ ಕಾಣುತ್ತಿತ್ತು. ನಮ್ಮ ಗಲ್ಲಿಯ ಡಾಕ್ಟರು ನಡಿಗೆ ನೋಡಿ ಪಾರ್ಕಿನ್ಸನ್ಸ್ ಎಂದರು. ಊರ ಕಡೆ ಕಂಪವಾತ ಎನ್ನುತ್ತಾರಲ್ಲ, ಅದು. ಇವರ ಕೈ ನಡುಗುವುದೇ ಇಲ್ಲವಲ್ಲ ಎಂದು ಕೇಳಿದೆ. ಕೆಲವರಿಗೆ ನಡುಗುವುದಿಲ್ಲ, ಮಾತ್ರೆ ಕೊಡಿ, ಎರಡು ಮೂರು ತಿಂಗಳಲ್ಲಿ ಚುರುಕಾಗುತ್ತಾರೆ ಎಂದರು.

ಆ ಮೂರು ತಿಂಗಳನ್ನೇ ನಾವು ಗಟ್ಟಿಯಾಗಿ ಹಿಡಿದುಕೊಂಡೆವು. ಹೋಟೆಲಿನ ಧಣಿಗಳು ಒಳ್ಳೆಯವರು. "ಮೂರು ತಿಂಗಳು ಬೇರೆಯವ ನಿಲ್ಲಲಿ, ಗುಣ ಆದ ಮೇಲೆ ಕಾವಲಿ ನಿಮ್ಮದೇ," ಎಂದರು. ನನ್ನ ಗಂಡನಿಗೆ ಅದೊಂದು ಬಿಟ್ಟು ಬೇರೆ ಆಸೆಯೇ ಇರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ "ಇವತ್ತು ಸ್ವಲ್ಪ ವಾಸಿ ಉಂಟಲ್ಲ?" ಎಂದು ನನ್ನನ್ನೇ ಕೇಳುತ್ತಿದ್ದರು. ವಾಸಿ ಇರಲಿಲ್ಲ. ಮಾತ್ರೆ ನುಂಗುವುದಿಲ್ಲ, ಎಲ್ಲೋ ಎಸೆಯುತ್ತಾರೆ ಎಂದು ನನಗೆ ಗುಮಾನಿ. ಮಕ್ಕಳಿಗೆ ಮಾಡುವ ಹಾಗೆ ಬಾಯಿ ತೆರೆಸಿ, ನಾಲಗೆ ಎತ್ತಿಸಿ ನೋಡುತ್ತಿದ್ದೆ. ಊಟಕ್ಕೆ ಕೂತರೆ ಬನಿಯನ್ನಿನ ಮೇಲೆಲ್ಲ ಸಾರು. "ತಟ್ಟೆ ನೋಡಿ ಉಣ್ಲಿಕ್ಕೆ ಆಗುದಿಲ್ವಾ ನಿಮಗೆ?" ಎಂದು ದಿನವೂ ಕೂಗುತ್ತಿದ್ದೆ. ಆಗುವುದಿಲ್ಲ ಎಂದು ಅವರೂ ಹೇಳಲಿಲ್ಲ. ಅವರಿಗೇ ಅದು ಗೊತ್ತಿರಲಿಲ್ಲ.

ಆ ವರ್ಷದ ಚೌತಿಗೆ ಧಣಿಗಳ ಗೋರೆಗಾಂವ್ ಮನೆಯಲ್ಲಿ ಊಟ. ಹೋಟೆಲಿನವರೆಲ್ಲ ಸಂಸಾರ ಸಮೇತ ಹೋಗುವುದು ರೂಢಿ. ಬಿಲ್ಡಿಂಗಿನ ಟೆರೇಸಿನ ಮೇಲೆ ನೆಲಕ್ಕೆ ಬಾಳೆ ಎಲೆ ಹಾಕಿ ಪಂಕ್ತಿ. ಇವರು ನಿಧಾನ, ಹಿಡಿದು ಕೂರಿಸುವಷ್ಟರಲ್ಲಿ ಎಲೆಗೆ ಅನ್ನ, ತೊವ್ವೆ ಎಲ್ಲ ಬಡಿಸಿ ಆಗಿತ್ತು. ನಾನು ಎದುರು ಸಾಲಿನಲ್ಲಿದ್ದೆ. ಇವರು ಎಲೆಯ ಆಚೆ ತುದಿಯ ಉಪ್ಪಿನಕಾಯಿ ನೆಕ್ಕಿದರು, ಕೋಸಂಬರಿ ತಿಂದರು, ಪಲ್ಯ ತಿಂದರು. ಈಚೆ ಬದಿಯ ಅನ್ನ ಹಾಗೆಯೇ ಇತ್ತು. ಸಾರಿನವನು ಬಂದು ಕೇಳಿದಾಗ "ಬೇಡ" ಎಂದರು. ಹುಳಿಯವನು ಬಂದ, ಅವನಿಗೂ "ಬೇಡ". ಗದ್ದ ಎತ್ತಿ, ನೇರ ಮುಂದೆ ನೋಡುತ್ತಾ ಕೂತುಬಿಟ್ಟರು. ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮಲ್ಲಿ ಬಡಿಸಿದ ಅನ್ನ ಮುಟ್ಟದೆ ಏಳುವುದೆಂದರೆ ಬೈಗುಳಕ್ಕಿಂತ ದೊಡ್ಡದು. ಅದೂ ಧಣಿಯ ಮನೆಯಲ್ಲಿ, ಗಣಪತಿ ಇಟ್ಟ ದಿನ! ಕಾವಲಿ ತಪ್ಪಿಸಿದ ಸಿಟ್ಟು ಎಂದು ಪಂಕ್ತಿಯಲ್ಲೇ ಗುಸುಗುಸು ಶುರುವಾಯಿತು. ಕೈ ತೊಳೆಯುವಲ್ಲಿ ಧಣಿಗಳು ನನ್ನ ಹತ್ತಿರ ಬಂದರು. "ಅನ್ನದ ಮೇಲೆ ಸಿಟ್ಟು ತೋರಿಸುದಾ ಅಕ್ಕ? ಮನೆಯವರ ಹಾಗೆ ನೋಡಿದ್ದೇನೆ ಇಷ್ಟು ವರ್ಷ. ಇನ್ನು ಅವರು ಹೋಟೆಲಿಗೆ ಬರುದು ಬೇಡ," ಎಂದರು. ಅವರ ಕಣ್ಣಲ್ಲಿ ನೀರಿತ್ತು.

ದಾದರಿನಲ್ಲಿ ಗಾಡಿ ಬದಲಿಸಿ ಸೆಂಟ್ರಲ್ ಲೈನಿನ ಲೋಕಲ್ ಹಿಡಿದೆವು. ಇಲ್ಲಿ ಕನ್ನಡ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯದಲ್ಲಿ ಘಾಟ್ಕೋಪರ್ ಬರುವವರೆಗೂ ಬೈದೆ. "ಉಂಡ ಮನೆಗೆ ಎರಡು ಬಗೆಯುವವರು ನೀವು. ನಿಮಗೆ ರೋಗ ಅಲ್ಲ, ಸೊಕ್ಕು. ಉಪವಾಸ ಬಿದ್ದು ಸಾಯಿರಿ ಇನ್ನು," ಎಂದೆ. ಅವರು ಏನೋ ಹೇಳಲು ತುಟಿ ತೆರೆದರು. ಮಾತು ಹೊರಡಲು ಆಗ ಅವರಿಗೆ ಬಹಳ ಹೊತ್ತು ಬೇಕಾಗುತ್ತಿತ್ತು. ನಾನು ಅಷ್ಟು ಹೊತ್ತು ಕೊಡಲಿಲ್ಲ.

ಮುಂದಿನ ವಾರ ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಕೂಡ ಅವರಿಗೆ ಬುದ್ಧಿ ಹೇಳಿಸಲಿಕ್ಕೇ. ಅಲ್ಲಿದ್ದದ್ದು ಎಳೆ ವಯಸ್ಸಿನ ಮರಾಠಿ ಡಾಕ್ಟರಮ್ಮ. ನನ್ನ ಹರಕುಮುರುಕು ಹಿಂದಿಯಲ್ಲಿ ಮಾತ್ರೆಯ ಕಥೆ, ಎಲೆಯ ಕಥೆ, ಎಲ್ಲ ಚಾಡಿ ಹೇಳಿದೆ. ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿದಳು. ಉಪ್ಪಿನಕಾಯಿ ಎಲೆಯಲ್ಲಿ ಎಲ್ಲಿತ್ತು, ಅನ್ನ ಎಲ್ಲಿತ್ತು ಎಂದು ಕೇಳಿದಳು. ಇದೆಂಥ ಪ್ರಶ್ನೆ! ಮೇಜಿನ ಮೇಲಿದ್ದ ಪೇಪರನ್ನೇ ಎಲೆ ಮಾಡಿ ತೋರಿಸಿದೆ. ಪಲ್ಯ, ಉಪ್ಪಿನಕಾಯಿ ಆಚೆ ತುದಿಗೆ, ಅನ್ನ ಈಚೆ, ಹೊಟ್ಟೆಯ ಹತ್ತಿರ.

ಅವಳು ಇವರ ಕಣ್ಣೆದುರು ಬೆರಳು ಹಿಡಿದಳು. ಬೆರಳು ಎಡಕ್ಕೆ ಹೋಯಿತು, ಕಣ್ಣೂ ಹೋಯಿತು. ಬಲಕ್ಕೂ ಹೋಯಿತು. "ಕಾಕಾ, ನೀಚೆ ದೇಖೋ," ಎಂದಳು. ಬೆರಳು ಕೆಳಗಿಳಿಯಿತು, ಕಣ್ಣು ಇಳಿಯಲಿಲ್ಲ. ಹಣೆ ಗಂಟಿಕ್ಕಿ ಪ್ರಯತ್ನಪಟ್ಟರು, ಬೆವರಿದರು, ಇಳಿಯಲಿಲ್ಲ. ಆಮೇಲೆ ತನ್ನ ಮೂಗನ್ನೇ ನೋಡುತ್ತಿರಲು ಹೇಳಿ, ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ಬಾಗಿಸಿದಳು. ಆಗ ಕಣ್ಣುಗುಡ್ಡೆ ತಾನಾಗಿ ಕೆಳಗೆ ಬಂತು! ಕಣ್ಣಿನದು ತಪ್ಪಿಲ್ಲ, ಕೆಳಗೆ ನೋಡು ಎಂದು ಮಿದುಳು ಕೊಡುವ ಅಪ್ಪಣೆ ಅದಕ್ಕೆ ತಲುಪುತ್ತಿಲ್ಲ ಎಂದಳು.

ದೊಡ್ಡ ಡಾಕ್ಟರನ್ನೂ ಕರೆತಂದಳು. ಎದ್ದು ನಿಂತಾಗ ತಲೆಸುತ್ತು ಬರುತ್ತದಾ, ಮೂತ್ರ ತಡೆಯಲಾಗುತ್ತದಾ, ಹಿಂದಕ್ಕೆ ಬೀಳುವುದು ಯಾವಾಗ ಶುರುವಾಯಿತು ಎಂದೆಲ್ಲ ಅವರು ಕೇಳಿದರು. ಕಂಪವಾತ, ಅದರಂಥ ಬೇರೆ ರೋಗಗಳು ಅಣ್ಣತಮ್ಮಂದಿರ ಹಾಗಂತೆ, ದೂರದಿಂದ ಎಲ್ಲರ ಮುಖವೂ ಒಂದೇ. ಕೊನೆಗೆ ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಎಂದು ಬರೆದರು. ಪಾರ್ಕಿನ್ಸನ್ಸ್ ಅಲ್ಲ. ಅದಾಗಿದ್ದರೆ ಮಾತ್ರೆ ಹಿಡಿಯುತ್ತಿತ್ತು. ಇದಕ್ಕೆ ಹಿಡಿಯುವುದಿಲ್ಲ, ಬೇರೆ ಮದ್ದೂ ಇಲ್ಲ. ಅಯ್ಯೋ ದೇವರೇ, ಕಂಪವಾತವೇ ಆಗಿರಲಿ ಎಂದು ಹರಕೆ ಹೊರುವ ಹಾಗಾಯಿತಲ್ಲ ನನ್ನ ಬಾಳು! ಪಾಪ, ಮಾತ್ರೆಗಳನ್ನು ಅವರು ಒಂದೂ ಬಿಡದೆ ನುಂಗಿದ್ದರು.

ಮನೆಗೆ ಬಂದು ಅಕ್ಕಿಯ ಡಬ್ಬದ ಮೇಲೆ ಮಣೆ, ಮಣೆಯ ಮೇಲೆ ತಟ್ಟೆ ಇಟ್ಟೆ. ಅವರ ಗದ್ದದ ಎತ್ತರಕ್ಕೆ ಬಂತು. ಅನ್ನ ಸಾರು ಕಲಸಿ, ಹೆಚ್ಚು ಚೆಲ್ಲದೆ ಉಂಡರು. ಅರ್ಧ ಊಟದಲ್ಲಿ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಕಾದೆ.

"ಹಾಗಾದ್ರೆ ಚೌತಿ ದಿನ ನನ್ನ ಎಲೆಗೆ ಅನ್ನ ಬಡಿಸಿದ್ರಾ?"

"ಬಡಿಸಿದ್ರು. ನೀವು ಕೂರುವ ಮೊದಲೇ ಬಡಿಸಿ ಆಗಿತ್ತು."

"ನಾನು ಕಾದು ಕೂತದ್ದು ಮಾರಾಯ್ತಿ," ಎಂದರು. ಒಂದೊಂದೇ ಮಾತು, ನಡುವೆ ಉಸಿರು. "ಕಾವಲಿ ಬಿಟ್ಟವನಿಗೆ ಅನ್ನ ಬಡಿಸುದು ಬೇಡ ಅಂತ ಮಾಡಿದ್ರು ಅಂತ ಗ್ರಹಿಸಿದೆ. ಅನ್ನವೇ ಇಲ್ಲದ ಎಲೆಗೆ ಸಾರು ಹಾಕಿಸಿಕೊಂಡು ಎಂತ ಮಾಡುದು? ಕೇಳ್ಲಿಕ್ಕೆ ನಾಚಿಕೆ ಆಯ್ತು."

ಸಂಜೆಯೇ ಹೋಗಿ ಧಣಿಗಳಿಗೆ ಎಲ್ಲ ಹೇಳಿದೆ. ಮರುದಿನ ಅವರು ನಮ್ಮ ಚಾಳಿಗೆ ಬಂದು ಇವರ ಕೈ ಹಿಡಿದುಕೊಂಡು ಅತ್ತರು. ಕಾವಲಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಂದು ಲೋಕಲಿನಲ್ಲಿ ತುಟಿ ತೆರೆದದ್ದು ಏನು ಹೇಳಲಿಕ್ಕೆ ಎಂದು ನಾನೂ ಇವರನ್ನು ಯಾವತ್ತೂ ಕೇಳಲಿಲ್ಲ. ಗೊತ್ತಾಗಿತ್ತು.