ಜಶೋದಾಬೆನ್ ಮಡಿಸಿದ ಸೌರಫಲಕ

1996ರ ಬೇಸಿಗೆ ರಜೆ. ರೈಲ್ವೆಯಲ್ಲಿದ್ದ ನನ್ನ ಯಜಮಾನರಿಗೆ ಗದಗಿನಿಂದ ವಡೋದರಕ್ಕೆ ವರ್ಗವಾಗಿ ಆರು ವರ್ಷ ಕಳೆದಿದ್ದವು. ನಾನು ಅಲ್ಲಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಶಿಕ್ಷಕರಿಗಾಗಿ ಅಹಮದಾಬಾದಿನಲ್ಲಿ ಹತ್ತು ದಿನಗಳ ಬಾಹ್ಯಾಕಾಶ ಎಂಜಿನಿಯರಿಂಗ್ ಪರಿಚಯ ಶಿಬಿರ ನಡೆಯುತ್ತದೆಂದು ಗೊತ್ತಾದಾಗ ಮುಖ್ಯೋಪಾಧ್ಯಾಯರ ಬೆನ್ನು ಹತ್ತಿ ಹೆಸರು ಬರೆಸಿದೆ. ಮಗಳಂತೂ ಅಕ್ಕಪಕ್ಕದ ಮನೆಯವರಿಗೆಲ್ಲ "ಮಮ್ಮಿ ರಾಕೆಟ್ ಮಾಡೋಕೆ ಹೋಗ್ತಾಳೆ" ಎಂದು ಸಾರಿಬಿಟ್ಟಿದ್ದಳು.

ಶಿಬಿರದಲ್ಲಿ ಮೊದಲ ದಿನವೇ ಒಂಬತ್ತು ತಂಡ ಮಾಡಿದರು. ಹೆಚ್ಚಿನವುಗಳಲ್ಲಿ ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರಿದ್ದರು. ನನ್ನ ಪಾಲಿಗೆ ಬಂದವರು ಇಬ್ಬರು. ಒಬ್ಬರು ಅಹಮದಾಬಾದಿನದೇ ಕಾರ್ಖಾನೆ ಪ್ರದೇಶವಾದ ವಟ್ವಾದ ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿಸುವ ಹಸ್‌ಮುಖ್‌ಭಾಯ್. ಇನ್ನೊಬ್ಬರು ಸೂರತ್ತಿನ ಕತಾರ್‌ಗಾಮ್‌ನಿಂದ ಬಂದ ಹೊಲಿಗೆ ಟೀಚರ್ ಜಶೋದಾಬೆನ್. ಐವತ್ತು ದಾಟಿದ, ಮೆತ್ತಗಿನ ಮಾತಿನ ಹೆಂಗಸು. ಅವರ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಹುಷಾರಿಲ್ಲದ ಕಾರಣ ಇವರನ್ನು ಕಳಿಸಿದ್ದರಂತೆ.

ಚಹದ ಹೊತ್ತಿನಲ್ಲಿ ಪಕ್ಕದ ತಂಡದವರೊಬ್ಬರು, "ಉಪಗ್ರಹಕ್ಕೂ ಬ್ಲೌಸ್ ಹೊಲಿಯಬೇಕಲ್ಲ, ಅದಕ್ಕೇ ಕರೆಸಿದ್ದಾರೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ತಿರುಗಿ ನೋಡಿದರೆ ಜಶೋದಾಬೆನ್ ಲೋಟ ಹಿಡಿದು ನನ್ನ ಹಿಂದೆಯೇ ನಿಂತಿದ್ದರು. ಚಹ ಕುಡಿದು ಹೋಗಿ ತಮ್ಮ ಜಾಗದಲ್ಲಿ ಕುಳಿತರು.

ಕೊನೆಯ ದಿನದ ಸ್ಪರ್ಧೆಯ ಸವಾಲು ಕೇಳಲು ಸರಳವಾಗಿತ್ತು. ಉಪಗ್ರಹದ ಸೌರಫಲಕ ಹಾರುವಾಗ ಮಡಿಸಿಕೊಂಡಿರಬೇಕು, ಮೇಲೆ ಹೋದ ಮೇಲೆ ತಾನಾಗಿ ಬಿಚ್ಚಿಕೊಳ್ಳಬೇಕು. ಅಲ್ಲಿ ಬಿಡಿಸಲು ಯಾರ ಕೈಯೂ ಇರುವುದಿಲ್ಲ. ಹಾಗಾಗಿ ಒಂದು ಮೀಟರ್ ಚೌಕದ ಬೆಳ್ಳಿ ಕಾಗದವನ್ನು ಊಟದ ಡಬ್ಬಿಯಷ್ಟು ಪೆಟ್ಟಿಗೆಯಲ್ಲಿ ಅಡಗಿಸಬೇಕು. ಎರಡು ನಿಮಿಷ ಪೆಟ್ಟಿಗೆಯನ್ನು ಗಡಗಡ ಅಲುಗಾಡಿಸುತ್ತಾರೆ. ಆಮೇಲೆ ಒಂದೇ ಒಂದು ದಾರ ಎಳೆದಾಗ ಕಾಗದ ಹರಿಯದೆ ಪೂರ್ತಿ ತೆರೆದುಕೊಳ್ಳಬೇಕು.

ಗಣಿತದವಳು ನಾನು, ನಾಯಕಿಯೂ ನಾನೇ ಆದೆ. ಉದ್ದಕ್ಕೆ ಎಂಟು ಪದರ ಮಡಿಸಿ, ಆ ಪಟ್ಟಿಯನ್ನು ಚಾಪೆಯ ಹಾಗೆ ಸುರುಳಿ ಸುತ್ತುವುದೆಂದು ಲೆಕ್ಕ ಹಾಕಿದೆ. "ನೀವು ಕಾಗದ ಕತ್ತರಿಸಿ ಕೊಟ್ಟರೆ ಸಾಕು" ಎಂದು ಜಶೋದಾಬೆನ್‌ಗೆ ಹೇಳಿದೆ. ಅವರು ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದದ್ದು ನೆನಪಿದೆ. ನಾನು ಕೇಳಿಸಿಕೊಳ್ಳಲಿಲ್ಲ.

ಎಂಟನೆಯ ದಿನ ಎಲ್ಲರೆದುರು ತಾಲೀಮು. ಅಲುಗಾಟಕ್ಕೆ ನಮ್ಮ ಸುರುಳಿಯ ಸುತ್ತುಗಳು ಒಂದರೊಳಗೊಂದು ಜಾರಿ ಸಿಕ್ಕಿಹಾಕಿಕೊಂಡಿದ್ದವು. ದಾರ ಎಳೆದೆ. ಪರ್‍ರ್ ಎಂದು ಕಾಗದ ನಡುವೆ ಹರಿಯಿತು. ಯಾರೋ ಹಿಂದಿನಿಂದ ಚಪ್ಪಾಳೆ ಹೊಡೆದರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು.

ಸಂಜೆ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿ, "ನಾ ನಾಳೇನs ವಾಪಸ್ ಬರ್ತೀನ್ರಿ" ಎಂದು ಅತ್ತೇಬಿಟ್ಟೆ. ಯಜಮಾನರು ಎಲ್ಲ ಕೇಳಿ, "ಬರೂದಾದ್ರ ಬಾ, ಯಾರೂ ಬ್ಯಾಡ ಅನ್ನಂಗಿಲ್ಲ. ಆದ್ರ ತಂಡದಾಗ ಮೂರು ಮಂದಿ ಅದೇವಿ ಅಂದಿದ್ದೆಲ್ಲ, ಉಳಿದಿಬ್ರು ಏನಂತಾರ?" ಎಂದರು.

ನಾನು ಅವರನ್ನು ಕೇಳಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಜಶೋದಾಬೆನ್ ಎದುರು ಕುಳಿತು, "ಅವತ್ತು ನಾನು ನಕ್ಕಿದ್ದು ತಪ್ಪಾಯಿತು. ನೀವು ಏನೋ ಹೇಳಬೇಕೆಂದಿದ್ದಿರಿ, ಈಗ ಹೇಳಿ" ಎಂದೆ.

ಅವರು ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ಸರೋಜಾಬೆನ್, ನನ್ನ ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಬಟ್ಟೆ ಮಾರ್ಕೆಟ್ಟಿನ ಅಂಗಡಿಗಳಿಗೆ ಸೀರೆ ಮಡಿಸಿಕೊಡುವ ಕೆಲಸ. ದಿನಕ್ಕೆ ನೂರಾರು. ಜರಿ ಸೀರೆಯನ್ನು ಸುತ್ತಬಾರದು, ಮಡಿಸಬೇಕು. ಮಡಿಕೆಯ ಮೇಲೆ ಮಡಿಕೆ ನೇರವಾಗಿ ಕೂತರೆ ಅಲ್ಲೇ ಸೀಳುತ್ತದೆ. ಅದಕ್ಕೆ ಪ್ರತಿ ಮಡಿಕೆಯನ್ನೂ ಒಂದು ಬೆರಳಷ್ಟು ಓರೆ ಮಾಡುತ್ತೇವೆ" ಎಂದು ಹೊಸ ಕಾಗದ ಕೈಗೆತ್ತಿಕೊಂಡರು.

ಮೊದಲು ಉದ್ದಕ್ಕೆ ನೆರಿಗೆ ಹಿಡಿದ ಹಾಗೆ ಒಳಗೊಂದು ಹೊರಗೊಂದು ಮಡಿಕೆ. ಆಮೇಲೆ ಅಡ್ಡಕ್ಕೆ, ಪ್ರತಿಯೊಂದೂ ಕೊಂಚ ಓರೆಯಾಗಿ. ಅಂಗೈಯಗಲದ ಒಂದು ಕಟ್ಟು ಆಯಿತು. "ಈ ಮೂಲೆ ಹಿಡಿದುಕೊಳ್ಳಿ" ಎಂದು ನನಗೆ ಕೊಟ್ಟು, ಎದುರು ಮೂಲೆಯನ್ನು ತಾವು ಎಳೆದರು. ಉದ್ದಗಲ ಎರಡೂ ಒಟ್ಟಿಗೇ ಬಿಚ್ಚಿ ಕಾಗದ ನಮ್ಮಿಬ್ಬರ ನಡುವೆ ಹರಡಿಕೊಂಡಿತು. ಹಸ್‌ಮುಖ್‌ಭಾಯ್ ಕುರ್ಚಿಯಿಂದ ಎದ್ದೇ ನಿಂತರು.

ಮಡಿಕೆಯ ಕೋನ ಎಷ್ಟಿದ್ದರೆ ಪೆಟ್ಟಿಗೆಯಲ್ಲಿ ಕೂರುತ್ತದೆಂದು ನಾನು ಲೆಕ್ಕ ಮಾಡಿದೆ. ಒಂದು ಮೂಲೆಯನ್ನು ಪೆಟ್ಟಿಗೆಗೆ ಬಿಗಿದು, ಇನ್ನೊಂದಕ್ಕೆ ದಾರ ಕಟ್ಟಿ, ಅದು ಸಲೀಸಾಗಿ ಜಾರಲು ಹಸ್‌ಮುಖ್‌ಭಾಯ್ ಪುಟ್ಟ ಹಿತ್ತಾಳೆ ಉಂಗುರ ಕೂರಿಸಿದರು. ಅಲುಗಾಟದ ಪರೀಕ್ಷೆ ಹೇಗೆ? "ಅದಕ್ಕೆ ವಟ್ವಾದ ರಸ್ತೆ ಇದೆಯಲ್ಲ!" ಎಂದು ಅವರು ಪೆಟ್ಟಿಗೆಯನ್ನು ಸ್ಕೂಟರಿನ ಹಿಂದಿನ ಸೀಟಿಗೆ ಕಟ್ಟಿ ಹೊರಟೇಬಿಟ್ಟರು. ಲಾರಿಗಳು ಓಡಾಡಿ ಗುಂಡಿಬಿದ್ದ ರಸ್ತೆಯಲ್ಲಿ ಎರಡು ಸುತ್ತು ಹೊಡೆದು, ಮೈಯೆಲ್ಲ ಧೂಳಾಗಿ ಬಂದು, "ನನ್ನ ಸೊಂಟ ಹೋಯಿತು, ಪೆಟ್ಟಿಗೆಗೆ ಏನೂ ಆಗಿಲ್ಲ" ಎಂದರು. ದಾರ ಎಳೆದೆವು. ತೆರೆದುಕೊಂಡಿತು.

ಸ್ಪರ್ಧೆಯ ದಿನ ನಮ್ಮದು ಏಳನೆಯ ಸರದಿ. ಮುಂಚಿನ ಆರರಲ್ಲಿ ನಾಲ್ಕು ಸಿಕ್ಕಿಕೊಂಡಿದ್ದವು, ಎರಡು ಹರಿದಿದ್ದವು. ದಾರದ ತುದಿಯನ್ನು ನಾನು ಜಶೋದಾಬೆನ್ ಕೈಗೆ ಕೊಟ್ಟೆ. "ನಾನಾ?" ಎಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿಧಾನವಾಗಿ ಎಳೆದರು. ಬೆಳ್ಳಿ ಕಾಗದ ಸರಸರನೆ ಬಿಚ್ಚುತ್ತ, ಕೊನೆಯ ಮಡಿಕೆಯೂ ಬಿಟ್ಟು, ಮೇಜಿನ ತುಂಬ ಹೊಳೆಯುತ್ತ ಹರಡಿತು. ಒಂದೂ ಹರಕಿಲ್ಲ. ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಸ್‌ಮುಖ್‌ಭಾಯ್ ಶಿಳ್ಳೆಯನ್ನೇ ಹೊಡೆದರು.

ತೀರ್ಪುಗಾರರಾಗಿದ್ದ ಹಿರಿಯ ಎಂಜಿನಿಯರ್ ಬಂದು ಮಡಿಕೆಗಳನ್ನು ಬೆರಳಿನಿಂದ ಸವರಿ ನೋಡಿದರು. "ಬಾಹ್ಯಾಕಾಶಕ್ಕೆಂದು ಹೊರದೇಶದ ದೊಡ್ಡ ದೊಡ್ಡವರು ಇಂಥದೇ ಓರೆ ಮಡಿಕೆಯನ್ನು ಕಂಡುಹಿಡಿದಿದ್ದಾರೆ. ನಿಮಗೆ ಇದನ್ನು ಯಾರು ಹೇಳಿಕೊಟ್ಟರು?" ಎಂದು ನನ್ನನ್ನು ಕೇಳಿದರು.

"ಇವರು" ಎಂದು ಜಶೋದಾಬೆನ್‌ರನ್ನು ತೋರಿಸಿದೆ.

"ನನಗೆ ನಮ್ಮ ಅತ್ತೆ ಹೇಳಿಕೊಟ್ಟರು, ಸಾಹೇಬ್" ಎಂದರು ಅವರು. ಮೊದಲ ಬಹುಮಾನ ನಮಗೇ ಬಂತು. ಆಮೇಲೆ ಅವರನ್ನು ಕರಿಹಲಗೆಯ ಮುಂದೆ ನಿಲ್ಲಿಸಿ ಇನ್ನೊಮ್ಮೆ ಮಡಿಸಿ ತೋರಿಸಲು ಹೇಳಿದರು. ಅವರು ಗುಜರಾತಿಯಲ್ಲಿ, ತಮ್ಮ ಹೊಲಿಗೆ ತರಗತಿಯ ಹುಡುಗಿಯರಿಗೆ ಹೇಳುವ ಹಾಗೆಯೇ, ಒಂದೊಂದು ಮಡಿಕೆಯನ್ನೂ ವಿವರಿಸಿದರು. ಉಪನ್ಯಾಸಕರೆಲ್ಲ ತಲೆ ಬಗ್ಗಿಸಿ ನೋಟ್ಸ್ ಬರೆದುಕೊಳ್ಳುತ್ತಿದ್ದರು. ಬ್ಲೌಸಿನ ಮಾತಾಡಿದವರೂ ಬರೆಯುತ್ತಿದ್ದರು.

ನನ್ನ ಬದುಕಿನಲ್ಲಿ ಆಮೇಲೂ ಒಂದಿಷ್ಟು ಗೆಲುವುಗಳು ಬಂದಿವೆ. ಆದರೆ ಮೊದಲ ಸಾಲಿನಲ್ಲಿ ಕುಳಿತು, ಇನ್ನೊಬ್ಬರು ಪಾಠ ಮಾಡುವುದನ್ನು ನೋಡುತ್ತ, ಅಷ್ಟು ಹೆಮ್ಮೆಪಟ್ಟದ್ದು ಆ ಒಂದೇ ಸಲ.