ಬೊಳ್ಳಿಯ ಮೂಗು

ಪಾಣೆಮಂಗಳೂರಿನ ಶಾಹಿದಾ ವಾಸನೆ ಹಿಡಿಯುವ ಶಕ್ತಿ ಕಳೆದುಕೊಂಡದ್ದು ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳಲ್ಲಿ. ಅದೇ ವಾರ ಗಂಡ ನಿಝಾರನೂ ಹೋದ. ಇಬ್ಬರಿಗೂ ಒಂದೇ ಜ್ವರ. ಅವನನ್ನು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಒಯ್ದರು. ಅವಳು ಮನೆಯಲ್ಲೇ ಉಳಿದಳು. ಆರನೆಯ ದಿನ ಫೋನ್ ಬಂತು. ಮಯ್ಯತ್ತನ್ನು, ಅವನ ದೇಹವನ್ನು, ಮನೆಗೆ ತರಲಿಲ್ಲ. ಮೈತುಂಬ ಪ್ಲಾಸ್ಟಿಕ್ ಉಡುಪು ತೊಟ್ಟ ನಾಲ್ಕು ಜನ ದಫನ ಮಾಡಿದರು. ಅವಳು ಮುಖ ನೋಡಲಿಲ್ಲ, ಕೈ ಮುಟ್ಟಲಿಲ್ಲ.

ನಿಝಾರ್ ಸ್ಕೂಟರಿನಲ್ಲಿ ಮೀನು ಮಾರುತ್ತಿದ್ದವ. "ಆ ನಾತ ಹೊತ್ತುಕೊಂಡು ಒಳಗೆ ಬರಬೇಡಿ, ಮೊದಲು ಮೀಯಿರಿ" ಎಂದು ಇಪ್ಪತ್ತು ವರ್ಷ ಅವಳು ಬೈದಿದ್ದಳು. ಈಗ ಅಡುಗೆಮನೆಯಲ್ಲಿ ಸಾರು ಸೀದರೂ ಅವಳಿಗೆ ಹೊಗೆ ಕಂಡ ಮೇಲೆಯೇ ಗೊತ್ತಾಗುತ್ತಿತ್ತು.

ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೆ ಅವಳು ಕಪಾಟು ತೆರೆದಳು. ಆಂಬುಲೆನ್ಸ್ ಹತ್ತುವ ಮೊದಲು ಅವನು ಕಳಚಿಟ್ಟ ನೀಲಿ ಅಂಗಿ ಪ್ಲಾಸ್ಟಿಕ್ ಚೀಲದಲ್ಲಿ ಹಾಗೆಯೇ ಇತ್ತು, ಒಗೆಯದೆ. ಮುಖಕ್ಕೆ ಒತ್ತಿ ಹಿಡಿದಳು. ಏನೂ ಇಲ್ಲ. ಗೋಡೆಯನ್ನು ಮೂಸಿದ ಹಾಗೆ.

ಹಿತ್ತಲಿನ ಕೊಟ್ಟಿಗೆಯಲ್ಲಿ ಬೊಳ್ಳಿ ಎಂಬ ಬಿಳಿ ಆಡು ಇತ್ತು. ಮಾಣಿ ಊರಿನ ಹತ್ತಿರ ಲಾರಿಯಿಂದ ಬಿದ್ದಿದ್ದ ಮರಿಯನ್ನು ನಿಝಾರ್ ತಂದು ಬಾಟಲಿ ಹಾಲು ಕುಡಿಸಿ ಸಾಕಿದ್ದ. ಅವಳು ಅಂಗಿಯನ್ನು ಅದರ ಮುಂದೆ ಹಿಡಿದಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಬೊಳ್ಳಿ ಕಂಕುಳಿನ ಜಾಗಕ್ಕೆ ಮೂತಿ ತೂರಿಸಿತು. ಬಾಯಿ ತೆರೆಯದೆ, ಗಂಟಲೊಳಗಿನಿಂದಲೇ, ನಡುಗುವ ಒಂದು ಸಣ್ಣ ದನಿ ಮಾಡಿತು. ಅದು ನಿಝಾರನಿಗೆ ಮಾತ್ರ ಮಾಡುತ್ತಿದ್ದ ದನಿ. ಶಾಹಿದಾ ಅದರ ಕುತ್ತಿಗೆಗೆ ಅಂಗೈ ಇಟ್ಟಳು. ಆ ನಡುಕ ಅವಳ ಮೊಣಕೈವರೆಗೆ ಹತ್ತಿತು.

ಹಾಗಾದರೆ ಅವನು ಇದ್ದಾನೆ, ತನಗೆ ಸಿಗುವುದಿಲ್ಲ ಅಷ್ಟೆ, ಎಂದುಕೊಂಡಳು.

ಅಲ್ಲಿಂದ ಪ್ರತಿ ಶುಕ್ರವಾರ ಸಂಜೆಯ ಅಸರ್ ನಮಾಝಿನ ನಂತರ ಚೀಲ ಬಿಚ್ಚುತ್ತಿದ್ದಳು. ಮೂಡುಬಿದಿರೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದ ಮಗಳು ಸಬೀಹಾ ರಜೆಗೆ ಬಂದಾಗ ಇದನ್ನು ನೋಡಿ ಗಾಬರಿಯಾದಳು.

"ಉಮ್ಮಾ, ಏನು ಮಾಡ್ತಾ ಇದ್ದೀರಿ? ಯಾರಾದರೂ ನೋಡಿದ್ರೆ ಏನು ಹೇಳಿಯಾರು?"

"ನೋಡಲಿ. ನೀನೂ ಇಲ್ಲಿ ಕೈ ಇಡು."

ಸಬೀಹಾ ಕೈ ಇಟ್ಟಳು. ಆಮೇಲೆ, "ಇನ್ನೊಂದು ಸಲ ಹಿಡೀರಿ ಉಮ್ಮಾ" ಎಂದಳು. ಅಂಗಿಯನ್ನು ತಾನೇ ಮೂಸಿ ನೋಡಿ, "ನನಗೂ ಬಾಪನ ವಾಸನೆ ತುಂಬ ಕಡಿಮೆ ಬರ್ತದೆ. ಹೀಗೆ ಬಿಚ್ಚಿ ಬಿಚ್ಚಿ ಮುಗಿದು ಹೋಗ್ತದೆ" ಎಂದಳು.

ಶಾಹಿದಾಳಿಗೆ ಆ ಮಾತು ನಾಟಿತು. ತಿಂಗಳಿಗೊಮ್ಮೆ ಮಾಡಿದಳು. ಮತ್ತೆ ಎರಡು ತಿಂಗಳಿಗೊಮ್ಮೆ. ಬೊಳ್ಳಿಯ ದನಿ ಸಣ್ಣದಾಗುತ್ತಾ ಬಂತು. ಮೂರನೆಯ ವರ್ಷದ ರಮಳಾನ್ ಉಪವಾಸ ಕಳೆದ ಮೇಲೆ ಒಂದು ಸಂಜೆ ಅದು ಅಂಗಿಯನ್ನು ಮೂಸಿ ನೋಡಿತು, ಒಂದು ಗುಂಡಿಯನ್ನು ಬಾಯಲ್ಲಿ ಹಿಡಿದು ಜಗಿಯಿತು, ಬಿಟ್ಟು ಹಲಸಿನ ಸೊಪ್ಪಿನ ಕಡೆ ತಿರುಗಿತು.

ಅವಳು ಅಲ್ಲೇ ಕೂತುಬಿಟ್ಟಳು. ಫೋನ್ ಬಂದ ದಿನ ಅಳದಿದ್ದವಳು ಅಂದು ಅತ್ತಳು. ಪಕ್ಕದ ಮನೆಯ ಪ್ರೇಮಾವತಿ ಬೇಲಿ ದಾಟಿ ಓಡಿಬಂದು, "ಎಂಥ ಆಯ್ತು? ಆಡು ಸತ್ತಿತಾ?" ಎಂದು ಕೇಳಿದಳು.

"ಇಲ್ಲ ಪ್ರೇಮಕ್ಕ. ಇವರು ಹೋದರು."

ಪ್ರೇಮಾವತಿ ಪಕ್ಕದಲ್ಲಿ ಕೂತಳು. ಮರುದಿನ ಶಾಹಿದಾ ಅಂಗಿಯನ್ನು ಒಗೆದು ಒಣಹಾಕಿದಳು.

ಈಗ ಅವಳು ಕೈಯಿಂದ ಬದುಕುತ್ತಾಳೆ. ಆಡಿನ ಕಿವಿ ಮುಟ್ಟಿ ಜ್ವರ ಹೇಳುತ್ತಾಳೆ. ಪ್ರೇಮಾವತಿಯ ದನದ ಹೊಟ್ಟೆಗೆ ಅಂಗೈ ಒತ್ತಿ, ಕರು ಇಂದು ಬರುತ್ತದೋ ನಾಳೆಯೋ ಎಂದು ಹೇಳುತ್ತಾಳೆ. ಸಬೀಹಾ ಮನೆಗೆ ಬಂದರೆ ಮೊದಲು ಅವಳ ನೆತ್ತಿ, ಬೆನ್ನು, ಮುಂಗೈ ಸವರಿ ನೋಡುತ್ತಾಳೆ.

ಆದರೆ ಕಳೆದ ಮಳೆಗಾಲದಿಂದ ಇನ್ನೊಂದು ಶುರುವಾಗಿದೆ. ಪಾತ್ರೆ ತೊಳೆಯುತ್ತಿದ್ದಾಗ ಒಮ್ಮೆಲೇ ಬೀಡಿಯ ಹೊಗೆ ಮೂಗಿಗೆ ಹೊಡೆಯಿತು. ಹೊರಗೆ ಬಂದು ನೋಡಿದಳು, ಯಾರೂ ಇಲ್ಲ. "ಯಾರಾದರೂ ಬೀಡಿ ಸೇದಿದರಾ?" ಎಂದರೆ ಪ್ರೇಮಾವತಿ, "ಇಲ್ಲ, ನನಗೇನೂ ವಾಸನೆ ಇಲ್ಲ" ಎಂದಳು. ಬಂಟ್ವಾಳದ ಡಾಕ್ಟರು, ಮೂಗಿನ ಕೆಟ್ಟ ನರ ಹೀಗೆ ಇಲ್ಲದ ವಾಸನೆ ಹುಟ್ಟಿಸುವುದು ಉಂಟು ಎಂದು ಮಾತ್ರೆ ಬರೆದುಕೊಟ್ಟರು.

ಒಂದು ಮಾತನ್ನು ಅವಳು ಡಾಕ್ಟರಿಗೆ ಹೇಳಲಿಲ್ಲ. ಮದುವೆಯಾದ ಹೊಸದರಲ್ಲಿ ನಿಝಾರ್ ಬೀಡಿ ಸೇದುತ್ತಿದ್ದ. ಸಬೀಹಾ ಹುಟ್ಟಿದ ವಾರ ಬಿಟ್ಟವನು ಮತ್ತೆ ಮುಟ್ಟಿರಲಿಲ್ಲ.

ಮಾತ್ರೆಯ ಚೀಟಿ ಕುರ್‌ಆನ್ ಇಡುವ ಕಪಾಟಿನ ಕೆಳಗಿದೆ. ಅವಳು ಅದನ್ನು ಅಂಗಡಿಗೆ ಒಯ್ದಿಲ್ಲ. ಸಬೀಹಾ ಫೋನಿನಲ್ಲಿ ಕೇಳಿದರೆ, "ಈಗ ಹುಷಾರುಂಟು, ನಿಂತಿದೆ" ಎನ್ನುತ್ತಾಳೆ. ಹೊಗೆ ಬಂದಾಗ ನಳ್ಳಿ ನೀರು ನಿಲ್ಲಿಸಿ, ಒದ್ದೆ ಕೈಯನ್ನು ಮಡಿಲಲ್ಲಿಟ್ಟು, ಅದು ಹೋಗುವವರೆಗೆ ಮೆಟ್ಟಿಲಿನ ಮೇಲೆ ಕೂರುತ್ತಾಳೆ.