ಅಜ್ಜಿಯ ಹೆಸರಿನ ಮಾತ್ರೆ

ಫಿಟ್ಸ್ ಬರುತ್ತಿದ್ದುದು ತಂಗಿಗೆ. ಮಾತ್ರೆಯ ಚೀಟಿ ಇದ್ದುದು ಅಜ್ಜಿಯ ಹೆಸರಿನಲ್ಲಿ. ಅರವತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಇದು ವಿಚಿತ್ರವೆನಿಸಿರಲಿಲ್ಲ. ಮೈಸೂರಿನಲ್ಲಿ ಬಿ.ಎ. ಓದಿ ಬಂದಿದ್ದ ನನಗೂ ಅನಿಸಿರಲಿಲ್ಲವೇ? ಅನಿಸಿತ್ತೆಂದೇ ಈಗ ತೋರುತ್ತದೆ. ಆದರೆ ಈಗ ತೋರುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಮದುವೆಯ ವಯಸ್ಸಿನ ಹುಡುಗಿಗೆ ಮೂರ್ಛೆ ಎಂದು ಸಾಗರದಲ್ಲಿ ಗೊತ್ತಾದರೆ, ಆ ಸುದ್ದಿ ನಮಗಿಂತ ಮೊದಲು ಬಸ್ಸು ಹತ್ತಿ ನಮ್ಮೂರ ಹತ್ತಿರದ ರಿಪ್ಪನ್‌ಪೇಟೆ ಸೇರುತ್ತಿತ್ತು. ಅದಕ್ಕೇ ಅಮ್ಮ ಹಿಂದಿನ ಡಾಕ್ಟರನ್ನು ಬೇಡಿಕೊಂಡು ಅಜ್ಜಿಯ ಹೆಸರು ಬರೆಸಿದ್ದಳು. ಅವರು ವರ್ಗವಾಗಿ ಹೋದ ಮೇಲೆ ಬಂದವರು ಹಳೆಯ ಚೀಟಿ ನೋಡಿ ಹೊಸದು ಬರೆದುಕೊಡುತ್ತಿದ್ದರು. ಹೆಚ್ಚು ನುಂಗಿದರೆ ಜೀವಕ್ಕೇ ಅಪಾಯವಾಗುವ ಮಾತ್ರೆ ಅದು. ಪ್ರತಿ ಸಲವೂ ಹೊಸ ಚೀಟಿ ಬೇಕು. ಚೀಟಿ ಇದ್ದರೂ ಎಷ್ಟೋ ಸಲ ಸ್ಟಾಕ್ ಇರುತ್ತಿರಲಿಲ್ಲ. ಒಮ್ಮೆ ಹಾಗೆ ತಪ್ಪಿದಾಗ ತಂಗಿ ಒಲೆಯ ಬದಿಗೆ ಬಿದ್ದು ತೋಳು ಸುಟ್ಟುಕೊಂಡಿದ್ದಳು.

ಅಜ್ಜಿ ತೀರಿಕೊಂಡ ಮೇಲೂ ನಾನು ಎಂದಿನಂತೆ ಚೀಟಿ ಬರೆಸಿಕೊಂಡು ಸಾಗರದ ಔಷಧಿ ಅಂಗಡಿಗೆ ಹೋದೆ. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸದ ಜನ ಅಂಗಡಿಯ ಮುಂದೆ ಕಿಕ್ಕಿರಿದಿದ್ದರು. ಅಂಗಡಿಯವರು ಚೀಟಿ ಓದಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಎಂತ ಮಾರಾಯ್ರೆ ಇದು? ಅಜ್ಜಿ ತಿಥಿ ಊಟ ನಿಮ್ಮನೇಲಿ ನಾನೇ ಉಂಡು ಬಂದಿದೀನಲ್ರೀ. ಹೋಳಿಗೆ ಬಡಿಸಿದ್ದು ನೀವೇ!"

ಬಡಿಸಿದ್ದೆ. ಇನ್ನೊಂದು ಹಾಕಿಸಿಕೊಳ್ಳಿ ಎಂದು ಒತ್ತಾಯವನ್ನೂ ಮಾಡಿದ್ದೆ. ಸಾಗರದ ಪರಿಚಯದವರನ್ನೆಲ್ಲ ಕರೆಯುವಾಗ ನಮ್ಮಲ್ಲಿ ಯಾರೊಬ್ಬರಿಗೂ ಈ ಮಾತ್ರೆಯ ನೆನಪಾಗಿರಲಿಲ್ಲ.

"ಸತ್ತವ್ರಿಗೆ ಮಾತ್ರೆ ಕೊಟ್ರೆ ನನ್ನ ಅಂಗಡಿ ಮುಚ್ಚಿಸ್ತಾರೆ. ಡಾಕ್ಟ್ರಿಗೂ ಹೇಳ್ಬೇಕಾಗ್ತದೆ," ಎಂದು ಚೀಟಿ ಹಿಂದಕ್ಕೆ ತಳ್ಳಿದರು. ನಾನು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು ಬಂದೆ.

ಮನೆಯಲ್ಲಿ ಅಮ್ಮ ಉಳಿದಿದ್ದ ಮಾತ್ರೆಗಳನ್ನು ಅಡಿಕೆ ಕತ್ತರಿಯಿಂದ ಅರ್ಧ ಮಾಡಿ ಕೊಡತೊಡಗಿದಳು. ಅವೂ ಮುಗಿದ ದಿನ ಅವಳು ಹೇಳಿದ್ದನ್ನು ಕೇಳಿ ದಂಗಾದೆ.

"ತೀರ್ಥಹಳ್ಳೀಲಿ ನಮ್ಮನ್ನ ಯಾರಿಗೂ ಗೊತ್ತಿಲ್ಲ. ಅತ್ತಿಗೇನ ಕರ್ಕೊಂಡು ಹೋಗಣ. ಕಾಯಿಲೆ ಅವ್ರಿಗೇ ಅನ್ನಣ."

ಅತ್ತೆ, ಎಂದರೆ ಅಪ್ಪನ ಅಕ್ಕ, ಗಂಡ ಸತ್ತ ಮೇಲೆ ನಮ್ಮಲ್ಲೇ ಇದ್ದವರು. ಅವರು ಒಪ್ಪಿಕೊಂಡ ರೀತಿಗೆ ಇನ್ನಷ್ಟು ದಂಗಾದೆ. "ನಂಗಿನ್ನು ಎಂತ ಗಂಡು ನೋಡೋದಿದ್ಯಾ? ಬರೆಸ್ರಿ ನನ್ನ ಹೆಸ್ರಲ್ಲೇ. ಹಂಗೇ ಹೊಳೆ ಸ್ನಾನನೂ ಆಗ್ತದೆ."

ತೀರ್ಥಹಳ್ಳಿಯ ಡಾಕ್ಟರ ಮುಂದೆ ಅತ್ತೆ ಕುರ್ಚಿಯಲ್ಲಿ ಕೂತರು. ಅಮ್ಮ, ತಂಗಿ, ನಾನು ಹಿಂದೆ ನಿಂತೆವು. ಡಾಕ್ಟರು ಕೇಳಿದ್ದಕ್ಕೆಲ್ಲ ಅತ್ತೆ ತಡವರಿಸದೆ ಉತ್ತರ ಕೊಟ್ಟರು: ಮೊದಲು ಎಡಗೈ ಸೆಟೆಯುತ್ತದೆ, ಆಮೇಲೆ ಕಣ್ಣು ಮೇಲೆ ಹೋಗುತ್ತದೆ, ಎದ್ದ ಮೇಲೆ ತುಂಬ ನೀರು ಕೇಳುತ್ತೇನೆ. ಅದೆಲ್ಲ ತಂಗಿಯದು. ಅತ್ತೆ ಅಷ್ಟು ಹತ್ತಿರದಿಂದ ನೋಡಿದ್ದರೆಂದು ನನಗೆ ತಿಳಿದೇ ಇರಲಿಲ್ಲ.

"ಯಾವಾಗಿಂದ?"

"ಈ ವರ್ಷದಿಂದ," ಎಂದಳು ಅಮ್ಮ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಈ ವಯಸ್ಸಲ್ಲಿ ಹೊಸದಾಗಿ ಶುರುವಾದ್ರೆ ತಲೇಲಿ ಗಡ್ಡೆ ಇರಬಹುದು ಅಮ್ಮ. ಸುಮ್ನೆ ಮಾತ್ರೆ ಬರ್ಕೊಡೋಕಾಗಲ್ಲ. ದೊಡ್ಡಾಸ್ಪತ್ರೇಲಿ ತೋರಿಸ್ಕೊಂಡು ಬನ್ನಿ."

"ಗಡ್ಡೆಯಾ?" ಅತ್ತೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ಅಯ್ಯೋ, ನಂಗಾ?" ಎಂದು ಅಳತೊಡಗಿದರು. ಅದು ನಟನೆಯಾಗಿರಲಿಲ್ಲ.

ಆಗ ತಂಗಿ ನಕ್ಕಳು. ಹಾಗೆಂದು ನನ್ನ ನೆನಪು. ನಗಲಿಲ್ಲ, ಅಳುತ್ತಿದ್ದೆ ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಯಾವುದು ನಿಜವೋ, ಅವಳು ಮುಂದೆ ಬಂದು ಅತ್ತೆಯ ಭುಜ ಹಿಡಿದದ್ದಂತೂ ಹೌದು.

"ಇವರಿಗೆ ಎಂತದೂ ಇಲ್ಲ ಡಾಕ್ಟ್ರೆ. ಅದು ಬರೋದು ನಂಗೆ. ಸಣ್ಣೋಳಿದ್ದಾಗಿಂದ."

"ಏ, ಸುಮ್ನಿರೇ!" ಎಂದಳು ಅಮ್ಮ.

"ಸುಮ್ನಿದ್ರೆ ಬೀಳೋದು ನಾನಲ್ವಾ?"

ಡಾಕ್ಟರು ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ನನ್ನ ಮೇಲೆ ದೃಷ್ಟಿ ಹೆಚ್ಚು ಹೊತ್ತು ನಿಂತಿತೆಂದು ಅನಿಸಿತು. ಓದಿದವನೆಂಬ ಭ್ರಮೆಗೆ ಹಾಗೆ ಅನಿಸಿರಲೂಬಹುದು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. ತಂಗಿಯನ್ನು ಕೂರಿಸಿ ಪರೀಕ್ಷೆ ಮಾಡಿ, ಹೆಸರು, ವಯಸ್ಸು ಅವಳನ್ನೇ ಕೇಳಿ ಬರೆದರು.

ಅಲ್ಲಿನ ಔಷಧಿ ಅಂಗಡಿಯಲ್ಲಿ ಜನವಿತ್ತು. ಅಂಗಡಿಯವನು ಚೀಟಿ ಎತ್ತಿ ಹಿಡಿದು ಅವಳ ಹೆಸರನ್ನು ಗಟ್ಟಿಯಾಗಿ ಕೂಗಿ, "ಯಾರ್ರೀ ಇದು, ಫಿಟ್ಸ್ ಮಾತ್ರೆ?" ಎಂದ. ಅಮ್ಮ ಅವಳ ಮುಂಗೈ ಹಿಡಿದಳು. ತಂಗಿ ಬಿಡಿಸಿಕೊಂಡು ಮುಂದೆ ಹೋದಳು.

"ನಂದು. ಒಂದ್ಲೋಟ ನೀರು ಕೊಡ್ತೀರಾ? ಎರಡು ದಿನದಿಂದ ತಪ್ಪಿದೆ."

ಎಲ್ಲರೂ ತಿರುಗಿ ನೋಡುತ್ತಿದ್ದಂತೆಯೇ ಅಲ್ಲೇ ನಿಂತು ನುಂಗಿದಳು, ಅರ್ಧವಲ್ಲ, ಇಡೀ ಮಾತ್ರೆ.